ನೂರ ಅರವತ್ತೊಂಬತ್ತನೆಯ ಹಲಗೆ

ನಮ್ಮ ಊರಿನಲ್ಲಿ ಮಗು ಹುಟ್ಟಿ ಮೊದಲ ಸಲ ಅತ್ತ ಕ್ಷಣಕ್ಕೆ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ಹೆಸರಿಡುವುದು ಆಮೇಲೆ, ಮನೆಯವರಿಗೆ ಪುರುಸೊತ್ತಾದಾಗ. ಹೆಸರು ಹಿಡಿಸದಿದ್ದರೆ ದೊಡ್ಡವರಾದ ಮೇಲೆ ಬದಲಾಯಿಸಿಕೊಳ್ಳಬಹುದು, ಸಂಖ್ಯೆಯನ್ನು ಮಾತ್ರ ಸಾಯುವವರೆಗೆ ಹೊತ್ತುಕೊಂಡೇ ತಿರುಗಬೇಕು. ನನ್ನ ಹೆಸರು ಅಂಬುಜಾಕ್ಷಿ. ಸಂಖ್ಯೆ 10,22,117. ಅಂದರೆ ನನಗಿಂತ ಮೊದಲು ಈ ಊರಿನಲ್ಲಿ ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಹದಿನಾರು ಜನ ಅತ್ತು ಮುಗಿಸಿದ್ದಾರೆ.

ಮದುವೆಗೆ ನಮ್ಮಲ್ಲಿ ಒಂದೇ ನಿಯಮ. ಗಂಡಿನ ಸಂಖ್ಯೆಯನ್ನೂ ಹೆಣ್ಣಿನ ಸಂಖ್ಯೆಯನ್ನೂ ಶೇಷವಿಲ್ಲದೆ ಭಾಗಿಸುವ, ಒಂದಕ್ಕಿಂತ ದೊಡ್ಡದಾದ ಯಾವುದಾದರೂ ಒಂದು ಭಾಜಕ ಇರಬೇಕು. ಇದ್ದರೆ ವಾಲಗ ಊದಿಸಬಹುದು, ಇಲ್ಲದಿದ್ದರೆ ಇಲ್ಲ. ಊರಿನ ಅರ್ಧ ಜನ ಎರಡರವರು. ಅವರಿಗೆ ಯಾವ ಚಿಂತೆಯೂ ಇಲ್ಲ, ನಡಿಗೆಯಲ್ಲೇ ಅದು ಗೊತ್ತಾಗುತ್ತದೆ. ಮೂರರವರು ಒಗ್ಗಟ್ಟಿನ ಜನ. ಐದರವರದು ಸಂಖ್ಯೆಯ ಕೊನೆಯಲ್ಲೇ ಬರೆದಿರುತ್ತದೆ, ಮುಚ್ಚಿಡಲು ಬರುವುದಿಲ್ಲ. ಏಳರವರಿಗೆ ತಾವೇನೋ ವಿಶೇಷ ಎಂಬ ಭ್ರಮೆ, ಅದಕ್ಕೆ ಆಧಾರ ಏನೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಮೂವತ್ತರಿಂದ ಭಾಗವಾಗುವ ಹುಡುಗನೊಬ್ಬ ಮನೆಯಲ್ಲಿದ್ದರೆ ಸಾಕು, ಅವನಿಗೆ ಮೀಸೆ ಮೂಡುವ ಮೊದಲೇ ಹೆಣ್ಣು ಹೆತ್ತವರು ಜಗುಲಿಯ ಮೇಲೆ ಬಂದು ಕೂತಿರುತ್ತಾರೆ.

ಹೆರಿಗೆಮನೆಯ ಬಾಗಿಲಲ್ಲಿ ಒಂದು ಸ್ಲೇಟು ತೂಗುಹಾಕಿರುತ್ತದೆ. ಮುಂದಿನ ಸಂಖ್ಯೆ ಯಾವುದೆಂದು ಸೂಲಗಿತ್ತಿ ಅದರಲ್ಲಿ ಬರೆಯುತ್ತಾಳೆ. ಬೆಸ ಸಂಖ್ಯೆ ಇದ್ದಾಗ ಒಳಗಿರುವ ತಾಯಂದಿರೆಲ್ಲ ತುಟಿ ಕಚ್ಚಿಕೊಂಡು ತಡೆಯುತ್ತಾರೆ, ಯಾರಾದರೂ ಪುಣ್ಯಾತ್ಗಿತ್ತಿ ಮೊದಲು ಹೆತ್ತು ದಾರಿ ಬಿಡಲಿ ಎಂದು ಕಾಯುತ್ತಾರೆ. ನಾನು ಹುಟ್ಟಿದ ದಿನ ಆ ಪುಣ್ಯಾತ್ಗಿತ್ತಿ ನಮ್ಮಮ್ಮ. ಅವಳು ಯಾವುದಕ್ಕೂ ತಡೆದುಕೊಳ್ಳುವ ಜಾಯಮಾನದವಳಲ್ಲ. ಪಕ್ಕದ ಮಂಚದವಳು ಒಂದು ಗಂಟೆಯಿಂದ ಉಸಿರು ಬಿಗಿಹಿಡಿದು ಕಾದಿದ್ದಳಂತೆ. ನಾನು ಅತ್ತ ಮರುಗಳಿಗೆಯಲ್ಲಿ ಅವಳ ಮಗಳು ಅತ್ತಳು. 10,22,118. ಎರಡರಿಂದಲೂ ಹೋಗುತ್ತದೆ, ಮೂರರಿಂದಲೂ ಹೋಗುತ್ತದೆ. ಹದಿನೆಂಟು ತುಂಬುವಷ್ಟರಲ್ಲಿ ಅವಳಿಗೆ ಮದುವೆಯಾಯಿತು. ದಾರಿಯಲ್ಲಿ ಸಿಕ್ಕಾಗಲೆಲ್ಲ ನನ್ನ ಕೈ ಹಿಡಿದು ನಿಮ್ಮಮ್ಮನ ಉಪಕಾರ ಮರೆಯೋ ಹಾಗಿಲ್ಲ ಎನ್ನುತ್ತಾಳೆ. ನಾನು ನಗುತ್ತೇನೆ. ಮನಸ್ಸಿನಲ್ಲಿ ಏನೆನ್ನುತ್ತೇನೆ ಎನ್ನುವುದು ಇಲ್ಲಿ ಬೇಡ.

ನನ್ನ ಸಂಖ್ಯಾಪತ್ರದಲ್ಲಿ ಹೀಗಿತ್ತು: ಏಳು ಅಂಕಿ, ಬೆಸ, ಅಂಕಿಗಳ ಮೊತ್ತ ಹದಿನಾಲ್ಕು. ಮೂರರಿಂದ ಭಾಗಿಸಿದರೆ ಎರಡು ಉಳಿಯುತ್ತದೆ, ಏಳರಿಂದ ಐದು, ಹನ್ನೊಂದರಿಂದ ಎಂಟು, ಹದಿಮೂರರಿಂದ ಮತ್ತೆ ಐದು. ಹೀಗೇ ಉಳಿಯುತ್ತ ಉಳಿಯುತ್ತ ಕೊನೆಯ ಸಾಲಿಗೆ ಬಂದರೆ ಕೆಂಪು ಮುದ್ರೆ: ಅವಿಭಾಜ್ಯ. ಯಾವುದರಿಂದಲೂ ಒಡೆಯದ ಸಂಖ್ಯೆ. ಕಾಗದದಲ್ಲಿ ಅವಿಭಾಜ್ಯರು ಎಂದು ಗೌರವವಾಗಿ ಬರೆಯುತ್ತಾರೆ, ಬೀದಿಯಲ್ಲಿ ನಮ್ಮನ್ನು ಒಂಟಿಗಳು ಎನ್ನುತ್ತಾರೆ. ಊರಿನಲ್ಲಿ ಹದಿನಾಲ್ಕು ಜನರಿಗೆ ಒಬ್ಬರಂತೆ ನಾವಿದ್ದೇವೆ. ಮದುವೆಮನೆಯಲ್ಲಿ ಪಾಯಸ ಬಡಿಸಲು ನಮ್ಮನ್ನು ಪ್ರೀತಿಯಿಂದ ಕರೆಯುತ್ತಾರೆ.

ಒಂಟಿಗಳಿಗೆ ಭಾಗಾಕಾರ ಕಚೇರಿಯಲ್ಲಿ ಕೆಲಸ ಕೊಡುವುದು ವಾಡಿಕೆ. ನಮಗೆ ಯಾರ ಜೊತೆಗೂ ಏನೂ ಸಮಾನವಿಲ್ಲವಾದ್ದರಿಂದ ನಾವು ಪಕ್ಷಪಾತ ಮಾಡುವುದಿಲ್ಲ ಎಂದು ಹಿರಿಯರ ಲೆಕ್ಕಾಚಾರ. ಕಚೇರಿ ಎಂದರೆ ಒಂದು ಉದ್ದನೆಯ ಹಜಾರ. ಅದರ ಗೋಡೆಯ ಮೇಲೆ ಊರು ಹುಟ್ಟಿದಾಗ ಹಿರಿಯರು ಕೊರೆಸಿದ ನೂರ ಅರವತ್ತೆಂಟು ಮರದ ಹಲಗೆಗಳು. ಒಂದೊಂದು ಹಲಗೆಯ ಮೇಲೆ ಒಂದೊಂದು ಅವಿಭಾಜ್ಯ ಸಂಖ್ಯೆ. ಬಾಗಿಲ ಪಕ್ಕದ ಮೊದಲ ಹಲಗೆ ಎರಡು, ಆ ತುದಿಯ ಕೊನೆಯ ಹಲಗೆ ಒಂಬೈನೂರ ತೊಂಬತ್ತೇಳು. ಹೊಸ ಮಗುವಿನ ಸಂಖ್ಯೆ ಬಂದಾಗ ಪರೀಕ್ಷಕರು ಮೊದಲ ಹಲಗೆಯ ಮುಂದೆ ನಿಂತು ಭಾಗಿಸುತ್ತಾರೆ. ಆಗದಿದ್ದರೆ ಒಂದು ಹೆಜ್ಜೆ ಸರಿದು ಎರಡನೆಯ ಹಲಗೆ. ಹಾಗೇ ಸರಿಯುತ್ತ ಕೊನೆಯವರೆಗೂ ಹೋಗಿ ಯಾವುದರಿಂದಲೂ ಆಗದಿದ್ದರೆ ಕೆಂಪು ಮುದ್ರೆ ಒತ್ತುತ್ತಾರೆ. ಒಡೆಯುವ ಸಂಖ್ಯೆಯಾದರೆ ಭಾಜಕಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು, ಹಲಗೆಗಳೆಲ್ಲ ಮುಗಿದ ಮೇಲೂ ಒಡೆಯದ ತುಂಡು ಏನಾದರೂ ಮಿಕ್ಕಿದ್ದರೆ ಅದನ್ನು ಪತ್ರದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ 'ಉಳಿಕೆ' ಎಂದು ನಮೂದಿಸುತ್ತಾರೆ. ಉಳಿಕೆಯನ್ನು ಯಾರೂ ಓದುವುದಿಲ್ಲ. ಇಪ್ಪತ್ತೇಳು ವರ್ಷ ನಾನೂ ಓದಲಿಲ್ಲ.

ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತನಾಲ್ಕು. ಪಕ್ಕದ ಮೇಜಿನಲ್ಲಿ ಪದ್ಮರಾಜಯ್ಯನವರಿದ್ದರು, ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರ ಸಂಖ್ಯೆ 10,18,081, ಅವರೂ ಒಂಟಿ. ಮಾತು ಕಡಿಮೆ, ಅಕ್ಷರ ಮುತ್ತು ಪೋಣಿಸಿದಂತೆ. ಮಧ್ಯಾಹ್ನ ಇಬ್ಬರೂ ಡಬ್ಬಿ ಬಿಚ್ಚಿ ಒಟ್ಟಿಗೆ ಊಟ ಮಾಡುತ್ತಿದ್ದೆವು. ನನ್ನ ಹುರುಳಿಕಾಳಿನ ಪಲ್ಯ ಅವರ ಡಬ್ಬಿಗೆ, ಅವರ ನಿಂಬೆಹಣ್ಣಿನ ಚಿತ್ರಾನ್ನ ನನ್ನ ಡಬ್ಬಿಗೆ. ಎಂಟು ತಿಂಗಳಾದ ಮೇಲೆ ಒಂದು ದಿನ ಅವರು ಡಬ್ಬಿಯ ಮುಚ್ಚಳ ನೋಡುತ್ತ, ನಮ್ಮ ಸಂಖ್ಯೆಗಳನ್ನ ಇನ್ನೊಂದ್ಸಲ ನೋಡಬಹುದಿತ್ತು ಎಂದರು. ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಮ್ಮೆ ಮರುಪರೀಕ್ಷೆಯ ಅವಕಾಶವಿದೆ, ಆದರೆ ತನ್ನ ಸಂಖ್ಯೆಯನ್ನು ತಾನೇ ಪರೀಕ್ಷಿಸುವಂತಿಲ್ಲ. ಅವರ ಮಾತಿನ ಅರ್ಥ ನನಗೆ ಆಗಲಿಲ್ಲವೆಂದಲ್ಲ. ನೋಡೋಣ ಎಂದೆ. ಅವರು ಕೇಳಿದ್ದು ಸಂಖ್ಯೆಯನ್ನು, ನಾನು ಕೊಟ್ಟಿದ್ದೂ ಸಂಖ್ಯೆಯನ್ನೇ.

ಒಂದು ಶನಿವಾರ ನಾನು ಅವರ ಸಂಖ್ಯೆಯನ್ನು ಹಿಡಿದು ಮೊದಲ ಹಲಗೆಯಿಂದ ಹೊರಟೆ, ಅವರು ನನ್ನದನ್ನು ಹಿಡಿದು ನನ್ನ ಹಿಂದೆಯೇ ಬಂದರು. ಒಂದೊಂದು ಹಲಗೆಯ ಮುಂದೆಯೂ ನಾನು ಮನೆದೇವರನ್ನು ನೆನೆದೆ. ಕೊನೆಯ ಹಲಗೆಯಲ್ಲಿ ಅವರ ಸಂಖ್ಯೆಗೆ ನೂರ ನಲವತ್ತನಾಲ್ಕು ಉಳಿಯಿತು, ನನ್ನದಕ್ಕೆ ನೂರ ತೊಂಬತ್ತೆರಡು. ಅಲ್ಲಿಂದ ಮುಂದೆ ಗೋಡೆ. ನಾನು ಅವರ ಪತ್ರಕ್ಕೆ ಕೆಂಪು ಮುದ್ರೆ ಒತ್ತಿ ಸಹಿ ಹಾಕಿದೆ, ಅವರು ನನ್ನ ಪತ್ರಕ್ಕೆ. ಸೋಮವಾರ ಮತ್ತೆ ಡಬ್ಬಿ ಬಿಚ್ಚಿದೆವು. ಆ ವಿಷಯ ಆಮೇಲೆ ಯಾವತ್ತೂ ಬರಲಿಲ್ಲ. ಇಪ್ಪತ್ತಾರು ವರ್ಷ ಒಟ್ಟಿಗೆ ಊಟ ಮಾಡಿದೆವು. ಎಷ್ಟೋ ಗಂಡಹೆಂಡಿರು ಅಷ್ಟು ಊಟ ಒಟ್ಟಿಗೆ ಮಾಡಿರುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಹೋದ ವರ್ಷ ದಾಕ್ಷಾಯಿಣಿ ಎಂಬ ಹುಡುಗಿ ಕಚೇರಿಗೆ ಬಂದಳು. ವಯಸ್ಸು ಇಪ್ಪತ್ತೈದು, ರತ್ನಗಂಬಳಿ ನೇಯುವ ಕಸುಬು, ಸಂಖ್ಯೆ 10,48,351, ಒಂಟಿ. ಅವಳ ಹಿಂದೆ ನಾಲ್ಕು ಜನ ಒಂದು ದೊಡ್ಡ ಕಂಬಳಿಯ ಸುರುಳಿಯನ್ನು ಹೊತ್ತುಕೊಂಡು ಬಂದರು. ಅವಳು ಅದನ್ನು ಹಜಾರದಲ್ಲಿ ಹಾಸಿಸಿ, ನನ್ನ ಮೇಜಿನ ಮುಂದೆ ನಿಂತು ಹೇಳಿದ್ದು ಇಷ್ಟು. ಕಲ್ಯಾಣಮಂಟಪಕ್ಕೆಂದು ಈ ಕಂಬಳಿ ನೇಯ್ದಿದ್ದಾಳೆ. ಅಗಲಕ್ಕೆ ಸಾವಿರ ಎಳೆ ಎಂದು ಮಾತಾಗಿತ್ತು, ಅಂಚಿಗೆ ಇರಲಿ ಎಂದು ಒಂಬತ್ತು ಎಳೆ ಜಾಸ್ತಿ ಬಿಗಿದಳು. ಉದ್ದಕ್ಕೂ ಸಾವಿರ ಸಾಲು ಸಾಕಿತ್ತು, ಉಣ್ಣೆ ಮಿಕ್ಕಿತೆಂದು ಮೂವತ್ತೊಂಬತ್ತು ಸಾಲು ಹೆಚ್ಚಿಗೆ ಕಟ್ಟಿದಳು. ಒಟ್ಟು ಎಷ್ಟು ಗಂಟು ಎಂದು ಮಂಟಪದವರು ಕೇಳಿದಾಗ ಗುಣಿಸಿ ನೋಡಿದಳು.

"ಗುಣಿಸಿದ್ರೆ ನನ್ನ ಸಂಖ್ಯೆನೇ ಬಂತಮ್ಮ. ನಾನು ಒಡಿಯಲ್ಲ ಅಂತ ನೀವು ಬರ್ಕೊಟ್ಟಿದೀರಿ. ಇಲ್ನೋಡಿ, ಇಲ್ಲೇ ಹಾಸಿದೀನಲ್ಲ" ಎಂದಳು.

ನಾನು ಕಾಗದದ ಮೇಲೆ ಗುಣಿಸಿದೆ. ಸಾವಿರದ ಒಂಬತ್ತು, ಸಾವಿರದ ಮೂವತ್ತೊಂಬತ್ತು. 10,48,351. ಇನ್ನೊಮ್ಮೆ ಗುಣಿಸಿದೆ. ಲೆಕ್ಕ ಸರಿಯಾಗಿತ್ತು, ನಾವು ಸರಿಯಿರಲಿಲ್ಲ. ಅವಳು ಬಂದಿದ್ದು ಕುತೂಹಲಕ್ಕಲ್ಲ. ಉಣ್ಣೆಗೆ ಬಣ್ಣ ಹಾಕುವ ಗುರುಸಿದ್ದ ಎಂಬ ಹುಡುಗನ ಮೇಲೆ ಅವಳಿಗೆ ಮನಸ್ಸಿತ್ತು. ಅವನ ಸಂಖ್ಯಾಪತ್ರವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು: 10,47,342, ಭಾಜಕಗಳು ಎರಡು, ಮೂರು, ನೂರ ಎಪ್ಪತ್ತಮೂರು. ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ, ಉಳಿಕೆ 1009. ಆ ಅಕ್ಷರ ನನ್ನದೇ. ಇಪ್ಪತ್ತಾರು ವರ್ಷದ ಹಿಂದೆ ಕೂಸಾಗಿದ್ದ ಅವನ ಪತ್ರವನ್ನು ನಾನೇ ಬರೆದಿದ್ದೆ.

ತಪ್ಪು ಎಲ್ಲಿ ಆಗಿದೆಯೆಂದು ತಿಳಿಯಲು ಅರ್ಧ ಗಂಟೆ ಸಾಕಾಯಿತು, ನಾಚಿಕೆಯಾಗಲು ಅಷ್ಟೂ ಬೇಕಾಗಲಿಲ್ಲ. ಒಂದು ಸಂಖ್ಯೆ ಎರಡು ತುಂಡಾಗುವುದಾದರೆ, ಎರಡು ತುಂಡೂ ಸಾವಿರಕ್ಕಿಂತ ದೊಡ್ಡದಾಗಿದ್ದರೆ ಮೂಲ ಸಂಖ್ಯೆ ಹತ್ತು ಲಕ್ಷ ದಾಟಿರಲೇಬೇಕು. ಹಾಗಾಗಿ ಊರಿನ ಸಂಖ್ಯೆ ಹತ್ತು ಲಕ್ಷದೊಳಗೆ ಇರುವವರೆಗೆ ಸಾವಿರದೊಳಗಿನ ಹಲಗೆಗಳಿದ್ದರೆ ಸಾಕು. ಹಿರಿಯರು ಅಷ್ಟು ಮಾತ್ರ ಕೊರೆಸಿದ್ದರು. ಅವರನ್ನು ದೂರುವಂತಿಲ್ಲ, ಊರು ಅಷ್ಟು ದಿನ ಬದುಕುತ್ತದೆಂದು ಅವರಿಗೆ ನಂಬಿಕೆ ಇದ್ದಿರಲಿಕ್ಕಿಲ್ಲ. ಎಪ್ಪತ್ತಮೂರು ವರ್ಷದ ಹಿಂದೆ ಹತ್ತು ಲಕ್ಷದನೇ ಮಗು ಹುಟ್ಟಿದಾಗ ಊರೆಲ್ಲ ಲಾಡು ಹಂಚಿದರಂತೆ, ಮೂರು ದಿನ ಬೀದಿಯಲ್ಲಿ ಕುಣಿದರಂತೆ. ಗೋಡೆಗೆ ಇನ್ನೊಂದು ಹಲಗೆ ಬೇಕಾಗುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ಒಂಬೈನೂರ ತೊಂಬತ್ತೇಳಾದ ಮೇಲೆ ಬರುವ ಅವಿಭಾಜ್ಯ ಸಂಖ್ಯೆ ಸಾವಿರದ ಒಂಬತ್ತು. ನಾನು ಊಟದ ಹೊತ್ತಿನಲ್ಲಿ, ನಿಯಮ ಮುರಿದು, ನನ್ನ ಸಂಖ್ಯೆಯನ್ನು ಅದರಿಂದ ಭಾಗಿಸಿದೆ. ಸಾವಿರದ ಹದಿಮೂರು ಬಂತು. ಏನೂ ಉಳಿಯಲಿಲ್ಲ. ಪದ್ಮರಾಜಯ್ಯನವರ ಸಂಖ್ಯೆಯನ್ನು ಭಾಗಿಸಿದೆ. ಮತ್ತೆ ಸಾವಿರದ ಒಂಬತ್ತೇ ಬಂತು, ಅವರು ತಮ್ಮನ್ನು ತಾವೇ ಗುಣಿಸಿಕೊಂಡು ಕೂತಿದ್ದರು. ಆ ಶನಿವಾರ ನಾನು ಇನ್ನೊಂದೇ ಒಂದು ಭಾಗಾಕಾರ ಮಾಡಿದ್ದರೆ ಸಾಕಿತ್ತು. ಲೆಕ್ಕದ ಕಾಗದವನ್ನು ಅವರ ಡಬ್ಬಿಯ ಪಕ್ಕ ಇಟ್ಟೆ. ಅವರು ಓದಿದರು, ಹೌದಲ್ಲ ಎಂದರು, ಚಿತ್ರಾನ್ನ ಬೇಗ ಬೇಗ ಮುಗಿಸಿ ಕೈತೊಳೆಯಲು ಎದ್ದು ಹೋದರು. ಪಾಪ, ಗಾಬರಿಯಾಗಿದೆ ಎಂದುಕೊಂಡೆ.

ಕಚೇರಿಯ ಮುಖ್ಯಸ್ಥ ಶಿವನಂಜಯ್ಯನವರು ದಾಕ್ಷಾಯಿಣಿಯ ಅರ್ಜಿಯನ್ನು ಗಂಭೀರವಾಗಿ ಓದಿದರು. ಆ ಎರಡು ಸಂಖ್ಯೆಗಳನ್ನು ತಾವೇ ಗುಣಿಸಿದರು, ಉತ್ತರ ಸರಿಯಾಗಿದೆ ಎಂದು ಒಪ್ಪಿಕೊಂಡರು. ಆದರೆ ಗುಣಾಕಾರ ನಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಭಾಗಿಸಿಯೇ ನೋಡಿ ಎಂದೆ. ಯಾವುದರಿಂದ ಭಾಗಿಸುವುದು ಎಂದರು. ಸಾವಿರದ ಒಂಬತ್ತರಿಂದ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಹಲಗೆ ಮುಗಿದ ಮೇಲೆ ಅಲ್ಲಿ ಗೋಡೆ ಇದೆ ಕಣಮ್ಮ" ಎಂದರು. "ನಿಮಗೆ ಗೊತ್ತಿಲ್ಲದ್ದೇ?"

ದಾಕ್ಷಾಯಿಣಿ ವಾದ ಮಾಡಲಿಲ್ಲ. ತನ್ನ ಕಂಬಳಿಯ ಮೇಲೆ ಕೂತುಬಿಟ್ಟಳು. ಯಾರು ಬೇಕಾದರೂ ಬಂದು ಗಂಟು ಎಣಿಸಿಕೊಳ್ಳಲಿ ಎಂದಳು. ಜನ ಬಂದರು. ಮೊದಲು ತಮಾಷೆ ನೋಡಲು ಬಂದವರು ಆಮೇಲೆ ಎಣಿಸಲು ಶುರುಮಾಡಿದರು. ಒಬ್ಬರು ಅಗಲ, ಒಬ್ಬರು ಉದ್ದ, ಮೂಲೆಯಲ್ಲಿ ಒಂದು ಕಾಫಿ ಅಂಗಡಿ. ಮೂರರವರ ಸಂಘದವರು ಬಂದು ತಮ್ಮ ಬೆಂಬಲ ಸೂಚಿಸಿ, ಗಂಟುಗಳನ್ನು ಮೂರು ಮೂರಾಗಿ ಎಣಿಸಿ ಒಂದು ಉಳಿಯಿತೆಂದು ಬೇಸರಪಟ್ಟು ಹೋದರು. ಹನ್ನೆರಡನೆಯ ದಿನ ಕಲ್ಯಾಣಮಂಟಪದ ಯಜಮಾನರು ಶಿವನಂಜಯ್ಯನವರ ಹತ್ತಿರ ಬಂದು, ಬರುವ ವಾರ ಮಂಟಪದಲ್ಲಿ ಹದಿನಾಲ್ಕು ಮದುವೆಗಳಿವೆ, ಕಂಬಳಿ ಇಲ್ಲದೆ ನೆಲದ ಮೇಲೆ ಕೂರಿಸಿದರೆ ಬೀಗರು ನನ್ನ ಮಾನ ಕಳೆಯುತ್ತಾರೆ ಎಂದು ಗೋಗರೆದರು. ನ್ಯಾಯಕ್ಕೆ ಬಗ್ಗದವರು ಬೀಗರಿಗೆ ಬಗ್ಗಿದರು.

ಒಂದು ಹಲಗೆ ಸೇರಿಸಬಹುದು ಎಂದು ತೀರ್ಮಾನವಾಯಿತು. ಒಂದೇ ಒಂದು, ಸದ್ಯಕ್ಕೆ. ಗೋಡೆಯಲ್ಲಿ ಜಾಗವಿಲ್ಲದ್ದರಿಂದ ಕಿಟಕಿಯೊಂದನ್ನು ಮುಚ್ಚಿಸಿ ಅಲ್ಲಿ ನೂರ ಅರವತ್ತೊಂಬತ್ತನೆಯ ಹಲಗೆ ತೂಗುಹಾಕಿದರು. ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಹಳೆಯ ಕಡತಗಳನ್ನು ತೆಗೆದು ನೋಡಿದಾಗ ಎಪ್ಪತ್ತಮೂರು ವರ್ಷದಲ್ಲಿ ಸುಳ್ಳೇ ಒಂಟಿಗಳಾದವರು ಒಟ್ಟು ಮೂವತ್ತೈದು ಜನ ಎಂದು ತಿಳಿಯಿತು. ಮೊದಲನೆಯವರು ಪದ್ಮರಾಜಯ್ಯ, ಎರಡನೆಯವಳು ನಾನು. ಹೊಸ ಹಲಗೆಯಿಂದ ಬಿಡುಗಡೆಯಾದವರು ಹನ್ನೊಂದು ಜನ, ಉಳಿದವರು ಮುಂದಿನ ಹಲಗೆಗಳಿಗೆ ಕಾಯಬೇಕು, ಅದಕ್ಕೆ ಇನ್ನೂ ಎಷ್ಟು ಕಿಟಕಿ ಮುಚ್ಚಬೇಕೋ. ದಾಕ್ಷಾಯಿಣಿ ಗುರುಸಿದ್ದನನ್ನು ಮದುವೆಯಾದಳು, ತನ್ನದೇ ಕಂಬಳಿಯ ಮೇಲೆ. ಸಾವಿರದ ಒಂಬತ್ತರವರು ಎಂದರೆ ಈಗ ಊರಿನಲ್ಲಿ ದೊಡ್ಡ ಮನೆತನ, ಏಳರವರು ಮುಖ ಸಿಂಡರಿಸಿಕೊಂಡು ತಿರುಗುತ್ತಿದ್ದಾರೆ. ನಾವಿಬ್ಬರೂ ಕೆಲಸ ಬಿಡಬೇಕಾದೀತೇ ಎಂಬ ಪ್ರಶ್ನೆಯೂ ಬಂದಿತ್ತು, ಆದರೆ ದೊಡ್ಡ ಸಂಖ್ಯೆಗಳನ್ನು ತಪ್ಪಿಲ್ಲದೆ ಭಾಗಿಸುವವರು ನಮ್ಮನ್ನು ಬಿಟ್ಟರೆ ಇಲ್ಲವೆಂದು ಮುಂದುವರಿಸಿದರು. ತಪ್ಪಿಲ್ಲದೆ ಎಂಬ ಮಾತನ್ನು ಶಿವನಂಜಯ್ಯನವರು ನಗದೆ ಬರೆದರು.

ನಾನು ಎಂಟು ದಿನ ಕಾದೆ. ಪದ್ಮರಾಜಯ್ಯನವರು ಬಾಯಿ ಬಿಡುತ್ತಾರೆ ಎಂದು. ಅವರು ನಿಂಬೆಹಣ್ಣಿನ ಬೆಲೆಯ ಬಗ್ಗೆ ಮಾತಾಡಿದರು, ಮುಚ್ಚಿದ ಕಿಟಕಿಯಿಂದ ಸೆಕೆ ಜಾಸ್ತಿಯಾಗಿದೆ ಎಂದರು. ಐವತ್ತೊಂದನೆಯ ವಯಸ್ಸಿನಲ್ಲಿ ನಾಚಿಕೊಂಡು ಕೂರುವಷ್ಟು ತಾಳ್ಮೆ ನನಗಿಲ್ಲ, ನಮ್ಮಮ್ಮನ ಮಗಳು. ಒಂಬತ್ತನೆಯ ದಿನ ಮದುವೆ ವಿಭಾಗದಿಂದ ಫಾರಂ ತಂದು, ನನ್ನ ಸಹಿ ಹಾಕಿ, ಅವರ ಮುಂದಿಟ್ಟೆ. ಅವರು ಎರಡು ಸಲ ಓದಿ ಸಹಿ ಹಾಕಿದರು. ಕಣ್ಣು ತುಂಬಿತ್ತು. ಇಬ್ಬರೂ ಹಜಾರ ದಾಟಿ ಮದುವೆ ವಿಭಾಗದ ಕಿಟಕಿಗೆ ಹೋದೆವು. ನನ್ನ ಜೀವನದಲ್ಲಿ ಅಷ್ಟು ಉದ್ದದ ಹಜಾರವನ್ನು ನಾನು ನೋಡಿರಲಿಲ್ಲ.

ಗುಮಾಸ್ತೆ ಇಬ್ಬರ ಸಂಖ್ಯಾಪತ್ರ ಕೇಳಿದಳು. ಪದ್ಮರಾಜಯ್ಯನವರು ತಮ್ಮ ಪತ್ರ ಕೊಟ್ಟರು, ಅವಳು ಅದನ್ನು ತಿರುಗಿಸಿ ಹಿಂಬದಿಯಲ್ಲಿ ಮುದ್ರೆ ಒತ್ತಲು ಹೋದಳು. ಹಿಂಬದಿಯಲ್ಲಿ ಒಂದು ಮೂಲೆಗೆ ಮುತ್ತಿನಂಥ ಅಕ್ಷರದಲ್ಲಿ ಒಂದು ಗುಣಾಕಾರವಿತ್ತು. ಸಾವಿರದ ಒಂಬತ್ತು ಗುಣಿಸು ಸಾವಿರದ ಒಂಬತ್ತು. ಅದರ ಕೆಳಗೆ ಇನ್ನೊಂದು, ಸಾವಿರದ ಒಂಬತ್ತು ಗುಣಿಸು ಸಾವಿರದ ಹದಿಮೂರು. ನೇರಳೆ ಶಾಯಿ. ನಮ್ಮ ಕಚೇರಿಗೆ ನೇರಳೆ ಶಾಯಿ ಬರುವುದು ನಿಂತು ಹನ್ನೊಂದು ವರ್ಷವಾಗಿತ್ತು.

"ಯಾವಾಗ ಮಾಡಿದ್ದು ಇದು?" ಎಂದೆ.

ಅವರು ಸುಳ್ಳು ಹೇಳುವವರಲ್ಲ. ಹದಿಮೂರು ವರ್ಷವಾಯಿತು ಎಂದರು. ಯಾವುದೋ ಮಗುವಿನ ಪತ್ರದಲ್ಲಿ ಉಳಿಕೆ ಬರೆಯುವಾಗ, ಸುಮ್ಮನೆ ಬೇಸರಕ್ಕೆ, ಅದನ್ನು ಅದರಿಂದಲೇ ಗುಣಿಸಿ ನೋಡಿದ್ದರಂತೆ. ತಮ್ಮ ಸಂಖ್ಯೆ ಬಂತು. ಆಮೇಲೆ ಅದರ ಮುಂದಿನ ಅವಿಭಾಜ್ಯದಿಂದ ಗುಣಿಸಿದರು, ನನ್ನದು ಬಂತು. ಆಗ ನನಗೆ ಮೂವತ್ತೆಂಟು.

"ಯಾಕೆ ಹೇಳ್ಲಿಲ್ಲ?"

"ಅಲ್ಲೀತನಕ ಸಂಖ್ಯೆ ಬೇಡ ಅಂದಿತ್ತು. ನೀವು ಬೇಡ ಅಂದಿರಲಿಲ್ಲ. ಅದು ಹಾಗೇ ಇರಲಿ ಅನ್ನಿಸ್ತು" ಎಂದರು.

ಅವರ ಭಯ ನನಗೆ ಅರ್ಥವಾಗಲಿಲ್ಲವೆಂದಲ್ಲ. ಅರ್ಥವಾದದ್ದೇ ತಪ್ಪಾಯಿತು. ಸಿಟ್ಟು ಬಂತು. ಮೂವತ್ತೆಂಟರಲ್ಲಿ ಹೇಳಿದ್ದರೆ ಒಂದು ಮಗುವಾದರೂ ಆಗುತ್ತಿತ್ತೇನೋ. ಮೂವತ್ತೈದು ಜನರಲ್ಲಿ ಇನ್ನು ಮೂವತ್ತಮೂರು ಜನ ಇದ್ದರು, ಅವರೆಲ್ಲ ಇವರ ಸಂಕೋಚಕ್ಕೆ ಬಲಿಯಾಗಿ ಪಾಯಸ ಬಡಿಸುತ್ತಿದ್ದರು.

"ಆ ಹದಿಮೂರು ವರ್ಷ ನಿಮ್ಮೊಬ್ರದೇ ಅಲ್ಲ ಪದ್ಮರಾಜಯ್ಯನೋರೆ. ನನ್ನವೂ ಹೌದು" ಎಂದೆ. ಆಮೇಲೆ ಗುಮಾಸ್ತೆಯ ಕಡೆ ತಿರುಗಿ, ಈ ಮದುವೆ ನನಗೆ ಬೇಡ, ಬರೆದುಕೋ ಎಂದೆ.

ಅವಳು ಫಾರಮನ್ನು ಮೇಲಿನಿಂದ ಕೆಳಗೆ ಓದಿದಳು. ವಧುವಿನ ಸಂಖ್ಯೆ, ವರನ ಸಂಖ್ಯೆ, ಸಮಾನ ಭಾಜಕ, ಪರೀಕ್ಷಕರ ಸಹಿ. ಇಷ್ಟ ಇದೆಯೋ ಇಲ್ಲವೋ ಅಂತ ಎಲ್ಲೂ ಕಾಲಂ ಇಲ್ಲ ಮೇಡಂ ಎಂದಳು. ನಾನು ಹೊರಟುಬಂದೆ. ಸಂಜೆಯ ಹೊತ್ತಿಗೆ ನಕಲು ನನ್ನ ಮೇಜಿಗೆ ಬಂತು. ಸಂಖ್ಯೆಗಳು ಹೊಂದಿದ್ದರಿಂದ, ಸಹಿ ಎರಡೂ ಇದ್ದದ್ದರಿಂದ ಮದುವೆ ಆಗಿಹೋಗಿತ್ತು. ತಿದ್ದುಪಡಿ ಬೇಕಿದ್ದರೆ ತೊಂಬತ್ತು ದಿನದೊಳಗೆ ಇಬ್ಬರಲ್ಲಿ ಒಬ್ಬರು ಅರ್ಜಿ ಕೊಡಬೇಕು, ಆ ಅರ್ಜಿಯ ಫಾರಂ ಜೊತೆಯಲ್ಲೇ ಲಗತ್ತಿಸಿದೆ ಎಂದು ಬರೆದಿತ್ತು.

ಮರುದಿನ ನನ್ನ ಮೇಜನ್ನು ಗೋಡೆಯ ಕಡೆ ತಿರುಗಿಸಿಕೊಂಡೆ. ಊಟ ಒಬ್ಬಳೇ ಮಾಡಿದೆ. ಸಾವಿರಾರು ಜೋಡಿಗಳಿಗೆ ಮುದ್ರೆ ಒತ್ತಿದ ಕಚೇರಿಯಲ್ಲಿ, ದಾಖಲೆಯ ಪ್ರಕಾರ ಗಂಡಹೆಂಡಿರಾದ ನಾವಿಬ್ಬರೂ ಬೆನ್ನು ತಿರುಗಿಸಿ ಕೂತಿದ್ದೆವು. ಇದರಲ್ಲಿ ವಿಚಿತ್ರವೇನೂ ಇಲ್ಲ, ಮದುವೆಯಾದ ಮೇಲೆ ಎಲ್ಲರೂ ಹಾಗೇ ಎಂದು ಎರಡರವರು ನನಗೆ ಸಮಾಧಾನ ಹೇಳಿದರು. ಅರ್ಜಿಯನ್ನು ಮೊದಲ ದಿನವೇ ತುಂಬಿದೆ. ಕೊಡಲಿಲ್ಲ. ಇವತ್ತು ಸಿಟ್ಟಿನಲ್ಲಿದ್ದೇನೆ, ತಲೆ ತಣ್ಣಗಾದ ಮೇಲೆ ಕೊಟ್ಟರಾಯಿತು ಎಂದುಕೊಂಡೆ.

ಪದ್ಮರಾಜಯ್ಯನವರು ನನ್ನ ಹತ್ತಿರ ಕ್ಷಮೆ ಕೇಳಲು ಬರಲಿಲ್ಲ. ಅದು ಅವರಿಗೆ ಬರುವ ವಿದ್ಯೆಯಲ್ಲ. ಬೇರೊಂದು ಕೆಲಸ ಮಾಡಿದರು. ಉಳಿದ ಮೂವತ್ತಮೂರು ಜನಕ್ಕೂ ತಮ್ಮ ಕೈಯಿಂದಲೇ ಒಂದೊಂದು ಕಾಗದ ಬರೆದರು. ನಿಮ್ಮ ಸಂಖ್ಯೆ ಹೀಗೆ ಒಡೆಯುತ್ತದೆ, ಈ ತಪ್ಪು ಹದಿಮೂರು ವರ್ಷದ ಹಿಂದೆಯೇ ನನಗೆ ಗೊತ್ತಿತ್ತು, ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದು. ತೀರಿಕೊಂಡ ಮೂವರ ಮನೆಗೂ ಕಳಿಸಿದರು. ಶಿವನಂಜಯ್ಯನವರಿಗೆ ಗೊತ್ತಾಗಿ ಕೆಂಡಾಮಂಡಲವಾದರು, ಕಚೇರಿಯ ಮರ್ಯಾದೆ ಏನಾಗಬೇಕು ಎಂದರು. ಇವರು ಅದಕ್ಕೂ ತಲೆ ತಗ್ಗಿಸಿ ನಿಂತರು.

ಕಾಗದ ತಲುಪಿದವರು ಒಬ್ಬೊಬ್ಬರಾಗಿ ಬಂದರು. ಕೆಲವರು ಬೈದರು, ಕೆಲವರು ಇನ್ನೇನು ಪ್ರಯೋಜನ ಎಂದು ಸುಮ್ಮನೆ ಹೋದರು. 10,28,171ರ ಹೆಂಗಸೊಬ್ಬಳು ಬಂದಳು, ನಲವತ್ತೈದರ ಆಸುಪಾಸು. ಅವಳ ಸಂಖ್ಯೆಯೂ ಸಾವಿರದ ಒಂಬತ್ತರಿಂದಲೇ ಒಡೆಯುತ್ತಿತ್ತು. ಅವಳಿಗೆ ಹದಿಮೂರು ವರ್ಷದ ಹಿಂದೆ, ಪತ್ರದಲ್ಲಿ ಉಳಿಕೆ 1009 ಇದ್ದ ಒಬ್ಬನ ಮೇಲೆ ಮನಸ್ಸಿತ್ತು, ಅವನು ಕಾದು ಕಾದು ಬೇರೆ ಮದುವೆಯಾಗಿದ್ದ. ಅರ್ಧ ಗಂಟೆ ಅವಳು ಇಡೀ ಕಚೇರಿಯ ಎದುರು ಪದ್ಮರಾಜಯ್ಯನವರನ್ನು ಬೈದಳು. ನಾನು ಗೋಡೆ ನೋಡಿಕೊಂಡು ಕೇಳುತ್ತಿದ್ದೆ. ನಾನು ಅನ್ನಬೇಕೆಂದು ಇಟ್ಟುಕೊಂಡಿದ್ದ ಮಾತನ್ನೆಲ್ಲ ಅವಳು ನನಗಿಂತ ಚೆನ್ನಾಗಿ ಅಂದಳು. ಅವರು ಒಂದು ಮಾತನ್ನೂ ಅಲ್ಲಗಳೆಯಲಿಲ್ಲ. ನಾನು ಹೆದರಿದೆ, ಅಷ್ಟೇ ಎಂದರು. ಅವಳು ಸೋತು ಕುರ್ಚಿಯ ಮೇಲೆ ಕೂತು ಅತ್ತಳು. ಅವರು ಹೋಗಿ ನೀರು ತಂದುಕೊಟ್ಟು, ಅವಳು ಕುಡಿಯುವವರೆಗೆ ಪಕ್ಕದಲ್ಲಿ ನಿಂತಿದ್ದರು. ಆ ದಿನ ನನ್ನ ಸಿಟ್ಟು ಇಳಿಯಿತು ಎಂದು ಹೇಳಲಾರೆ. ಅದಕ್ಕೆ ಜೊತೆಯಾಗಿ ಇನ್ನೊಂದು ಬಂದು ಕೂತಿತು.

ಹಾಗೇ ಅರವತ್ತು ದಿನವಾಯಿತು, ಎಂಬತ್ತಾಯಿತು. ತುಂಬಿದ ಅರ್ಜಿ ಮೇಜಿನ ಮೇಲೇ ಇತ್ತು, ಅದರ ಮೇಲೆ ಇಟ್ಟ ಕಾಗದದ ಭಾರವನ್ನು ದಿನವೂ ಒರೆಸುತ್ತಿದ್ದೆ. ಅವರೂ ಅರ್ಜಿ ಕೊಡಬಹುದಿತ್ತು, ಕೊಡಲಿಲ್ಲ. ಹೆಂಡತಿ ಎಂದು ಯಾರ ಎದುರೂ ಅನ್ನಲಿಲ್ಲ, ಹತ್ತಿರ ಬರಲಿಲ್ಲ. ತೊಂಬತ್ತನೆಯ ದಿನ ಇಬ್ಬರೂ ಹತ್ತು ಗಂಟೆಗೆ ಸರಿಯಾಗಿ ಬಂದೆವು. ಮದುವೆ ವಿಭಾಗದ ಗುಮಾಸ್ತೆ ಎರಡು ಸಲ ನನ್ನ ಮೇಜಿನ ಹತ್ತಿರ ಬಂದು, ಸಾಯಂಕಾಲ ಐದೂವರೆಗೆ ಕಿಟಕಿ ಮುಚ್ತೀನಿ ಮೇಡಂ ಎಂದು ನೆನಪಿಸಿದಳು. ಗೊತ್ತು ಎಂದೆ. ಊಟ ಸೇರಲಿಲ್ಲ. ಅವರೂ ಡಬ್ಬಿ ಬಿಚ್ಚಿದ ಸದ್ದು ಕೇಳಲಿಲ್ಲ. ಆ ದಿನ ಬಂದ ಒಂದು ಕೂಸಿನ ಸಂಖ್ಯೆಯನ್ನು ಹಿಡಿದು ನೂರ ಅರವತ್ತೊಂಬತ್ತು ಹಲಗೆಗಳನ್ನೂ ನಡೆದೆ. ಒಂದರಿಂದಲೂ ಹೋಗಲಿಲ್ಲ. ಕೆಂಪು ಮುದ್ರೆಯನ್ನು ಕೈಗೆತ್ತಿಕೊಂಡು, ಒತ್ತದೆ ಇಟ್ಟೆ. ಪತ್ರದ ಅಡಿಯಲ್ಲಿ 'ಇನ್ನೂ ನೋಡುವುದಿದೆ' ಎಂದು ಬರೆದೆ. ಹಾಗೆ ಬರೆಯುವ ಕ್ರಮ ನಮ್ಮ ಕಚೇರಿಯಲ್ಲಿ ಇಲ್ಲ.

ಐದೂವರೆಗೆ ಗಂಟೆ ಹೊಡೆಯಿತು. ಮದುವೆ ವಿಭಾಗದ ಕಿಟಕಿ ಮುಚ್ಚಿದ ಸದ್ದಾಯಿತು. ಹಜಾರ ಖಾಲಿಯಾಗುವವರೆಗೆ ಇಬ್ಬರೂ ಅಲುಗಾಡಲಿಲ್ಲ. ಆಮೇಲೆ ನಾನು ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು ಅವರ ಮೇಜಿನ ಮುಂದೆ ನಿಂತೆ.

"ನಡೀರಿ, ಮನೆಗೆ ಹೋಗೋಣ" ಎಂದೆ.

ಅವರು ಎದ್ದು ನಿಂತರು. ಪೆನ್ನಿನ ಮುಚ್ಚಳ ಹಾಕಲು ಎರಡು ಸಲ ಪ್ರಯತ್ನಪಟ್ಟರು, ಆಗಲಿಲ್ಲ. ಆಮೇಲೆ ನನ್ನ ಮುಖ ನೋಡಿ, ಮೆಲ್ಲಗೆ ಕೇಳಿದರು.

"ನಿಮ್ಮ ಮನೆಗೋ, ನಮ್ಮ ಮನೆಗೋ? ನಿಮಗೆ ಎಲ್ಲಿ ಇಷ್ಟ?"

ಇಪ್ಪತ್ತೇಳು ವರ್ಷದಲ್ಲಿ ಅವರು ನನ್ನನ್ನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಬೇಕೆಂದೇ ಸ್ವಲ್ಪ ಹೊತ್ತು ಯೋಚಿಸುವವಳಂತೆ ನಿಂತೆ, ಅವರೂ ಒಂದಿಷ್ಟು ಕಾಯಲಿ ಎಂದು.